ಹಾಳೆ, ದಿಂಬು, ಅಪ್ಪ ಕೊಟ್ಟ ಕೊಡೆ

ನಮ್ಮವರಿಗೆ ಗೊತ್ತಿಲ್ಲದ ವಿಷಯ ಅಂತ ಒಂದೂ ಇರಲಿಲ್ಲ. ಆದರೆ ಯಾವ ವಿಷಯವೂ ಹದಿನಾರು ಪುಟಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಗಂಡನನ್ನು ಹೀಗಳೆಯಲು ಹೇಳುವ ಮಾತಲ್ಲ ಇದು. ಅವರ ಕಸುಬು ಇದ್ದದ್ದೇ ಹಾಗೆ.

ಅವರು ಬುಕ್ ಬೈಂಡರ್. ಪುಸ್ತಕ ಅನ್ನುವುದು ಅಚ್ಚಿನ ಮನೆಯಿಂದ ಪುಸ್ತಕವಾಗಿ ಬರುವುದಿಲ್ಲ, ಮೇಜಿನಗಲದ ಹಾಳೆಗಳಾಗಿ ಬರುತ್ತದೆ. ಒಂದು ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಇನ್ನೊಮ್ಮೆ ಮಡಿಸಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ಒಂದು ಫಾರಂ ಮಡಿಸಿ ಮುಗಿದರೆ ಅದರ ಮುಂದಿನದು ಅಚ್ಚಾಗಿ ಬರಲು ವಾರವೋ ಹದಿನೈದು ದಿನವೋ ಆಗುತ್ತಿತ್ತು, ಬಂದರೂ ಪಕ್ಕದ ಮೇಜಿಗೆ ಹೋಗುತ್ತಿತ್ತು. ನಮ್ಮವರು ಕೈಯಲ್ಲಿ ಮಡಿಸುತ್ತ ಕಣ್ಣಲ್ಲಿ ಓದುತ್ತಿದ್ದರು. ಹೀಗಾಗಿ ಎಷ್ಟೋ ರಾಜರು ಪಟ್ಟಕ್ಕೆ ಬಂದದ್ದು ಅವರಿಗೆ ಗೊತ್ತಿತ್ತು, ಇಳಿದದ್ದು ಗೊತ್ತಿರಲಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರು ಅಂತ ಖಡಾಖಂಡಿತವಾಗಿ ಹೇಳುತ್ತಿದ್ದರು, ಸತ್ತವರು ಯಾರು ಅಂತ ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಒಂದು ಸಲ ಮನೆಮದ್ದಿನ ಪುಸ್ತಕ ಮಡಿಸಿ ಬಂದು ನನ್ನ ಕೆಮ್ಮಿಗೆ ಏನೋ ಕುದಿಸಿ ಕೊಟ್ಟರು. ನಾನು ಕಣ್ಣು ಮುಚ್ಚಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಇದನ್ನ ಕುಡೀಬೇಕೋ ಹಚ್ಕೋಬೇಕೋ ಅನ್ನೋದು ಮುಂದಿನ ಫಾರಂನಲ್ಲಿದೆ" ಅಂದರು.

ಆಗ ನಮ್ಮದು ಮೂರು ಅಂತಸ್ತಿನ ಒಂದು ಹಳೇ ಕಟ್ಟಡ. ಈಗ ಅದಿಲ್ಲ, ಕೆಡವಿ ಏನೋ ಕಟ್ಟಿದ್ದಾರೆ. ಆ ದಾರಿಯಲ್ಲಿ ಹೋದರೆ ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಆ ಮೆಟ್ಟಿಲುಗಳಿಗೆ ಒಂದು ವಾಸನೆಯಿತ್ತು: ಸೋಪು, ಸೀಮೆಎಣ್ಣೆ, ಒದ್ದೆ ಗೋಡೆ. ಕೆಳಗಿನ ಮನೆಯಲ್ಲಿ ಮೀಟರ್ ಅಜ್ಜ. ನೀರಿನ ಮೀಟರು ಓದುವ ಕೆಲಸದಲ್ಲಿ ಇದ್ದು ನಿವೃತ್ತರಾದವರು. ಓದಲು ಮೀಟರು ಇಲ್ಲದೆ ಈಗ ನಮ್ಮನ್ನೆಲ್ಲ ಓದುತ್ತಿದ್ದರು. ಒಂದನೇ ಮಹಡಿಯಲ್ಲಿ ಟೈಲರಕ್ಕ, ಕಿಟಕಿಯ ಹತ್ತಿರ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತಿರುತ್ತಿದ್ದಳು. ಎರಡನೇ ಮಹಡಿಯಲ್ಲಿ ನಾವು. ಅದರ ಮೇಲೆ ಬರೀ ತಾರಸಿ. ಅಂಗಳದಾಚೆಯ ಹೆಂಚಿನ ಮನೆಯಲ್ಲಿ ಮಾಲೀಕರು. ಯಾರ ಮನೆಯಲ್ಲಿ ಸಾರು ಸೀದರೂ ಎಲ್ಲರೂ ಕೆಮ್ಮುತ್ತಿದ್ದ ಕಾಲ ಅದು.

ನನ್ನ ಅಪ್ಪ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನದ ಪಾಠ ಹೇಳಿದವರು. ಅವರಿಗೆ ಡಿಗ್ರಿ ಇದ್ದ ಅಳಿಯ ಬೇಕಿತ್ತು. ನಮ್ಮವರು ಆಗ ನಮ್ಮೂರಲ್ಲೇ ಕೆಲಸಕ್ಕಿದ್ದರು. ಅಪ್ಪನ ಹಳೇ ಪುಸ್ತಕಗಳಿಗೆ ರಟ್ಟು ಹಾಕಿಸಲು ಅಪ್ಪನೇ ನನ್ನನ್ನು ಆ ಬೈಂಡಿಂಗ್ ಶಾಪಿಗೆ ಕಳಿಸುತ್ತಿದ್ದರು. ನಾನು ಹೋಗಿ ಬಂದೆ, ಹೋಗಿ ಬಂದೆ, ಕೊನೆಗೆ ಒಂದು ದಿನ ಹೋಗಿಯೇ ಬಿಟ್ಟೆ. ನನ್ನ ಹಟಕ್ಕೆ ಒಪ್ಪಿದ ಅಪ್ಪ ಮದುವೆಯ ದಿನ ಹಲ್ಲು ಕಚ್ಚಿಕೊಂಡು ಅಳಿಯನನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

"ಎಲ್ಲೀ ತನಕ ಓದಿದ್ದೀಯ?"

"ಎಲ್ಲಾ ಓದಿದ್ದೀನಿ ಮಾವ. ಯಾವುದನ್ನೂ ಮುಗಿಸಿಲ್ಲ."

ಅಷ್ಟೇ. ಆಮೇಲೆ ನಾವು ಈ ಊರಿಗೆ ಬಂದೆವು, ಮೂರು ವರ್ಷ ಅಪ್ಪ ನಮ್ಮ ಹೊಸ್ತಿಲು ತುಳಿಯಲಿಲ್ಲ. ತಿಂಗಳಿಗೊಂದು ಕಾಗದ ನನಗೆ ಬರುತ್ತಿತ್ತು. ಅದರಲ್ಲಿ ನಮ್ಮ ಹಸುವಿನ ಕ್ಷೇಮವೂ ಇರುತ್ತಿತ್ತು, ಅಳಿಯನ ಹೆಸರು ಇರುತ್ತಿರಲಿಲ್ಲ. ನಮ್ಮವರು ಪ್ರತಿ ಸಲವೂ ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿ ಇಟ್ಟುಬಿಡುತ್ತಿದ್ದರು.

ಹೀಗಿರುವಾಗ ಒಂದು ಕಾಗದ ಬಂತು. 'ಬರುವ ಭಾನುವಾರ ಹತ್ತು ಗಂಟೆಯ ರೈಲಿಗೆ ಬರುತ್ತೇನೆ. ನಾಲ್ಕರ ರೈಲಿಗೆ ಹೊರಡುತ್ತೇನೆ. ನೀನು ಹೇಗಿದ್ದೀಯ ಎಂದು ಕಣ್ಣಾರೆ ನೋಡಬೇಕು. ಸರಿಕಾಣದಿದ್ದರೆ ನನ್ನ ಜೊತೆ ಬಂದುಬಿಡು.'

ಅಂದರೆ ಇನ್ಸ್‌ಪೆಕ್ಷನ್. ಪಾಸಾದರೆ ಅಳಿಯ, ನಪಾಸಾದರೆ ಮಗಳು ವಾಪಸ್. ನಾನು ಹೋಗುವವಳಲ್ಲ, ಅದು ಬೇರೆ ಮಾತು. ಆದರೆ ಅಪ್ಪ ಕರೆದು ನಾನು ಬರುವುದಿಲ್ಲ ಅಂದರೆ ಆ ತಿಂಗಳಿಗೊಂದು ಕಾಗದವೂ ನಿಂತುಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮವರ ಚಿಂತೆ ಇನ್ನೊಂದು. "ಹತ್ತರಿಂದ ನಾಲ್ಕು ಅಂದ್ರೆ ಆರು ಗಂಟೆ. ಊಟಕ್ಕೆ ಒಂದು ಗಂಟೆ ತೆಗಿ. ಐದು ಗಂಟೆ ಅವರ ಹತ್ರ ಏನೇ ಮಾತಾಡೋದು?"

"ಸುಮ್ನಿರಿ."

"ಐದು ಗಂಟೆನಾ?" ಅಂದರು. ಅವರಿಂದ ಅದು ಆಗುವ ಕೆಲಸವಲ್ಲ ಅಂತ ನನಗೂ ಅನ್ನಿಸಿತು.

ಆ ವಾರವೇ ಅವರ ಮೇಜಿಗೆ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೂರನೇ ಫಾರಂ ಬರಬೇಕೆ? ನಲವತ್ತೆಂಟನೇ ಪುಟದ ಕೊನೆಯ ಸಾಲು ಹೀಗಿತ್ತು: 'ಒಂದೇ ಎತ್ತರದಿಂದ ಬಿಟ್ಟ ಭಾರವಾದ ವಸ್ತುವೂ ಹಗುರವಾದ ವಸ್ತುವೂ ಒಂದೇ ಸಮಯಕ್ಕೆ ನೆಲ ಮುಟ್ಟುತ್ತವೆ.' ಫಾರಂ ಅಲ್ಲಿಗೆ ಮುಗಿಯಿತು. ನಲವತ್ತೊಂಬತ್ತನೇ ಪುಟದ ಮೊದಲ ಸಾಲು, 'ಆದರೆ ಗಾಳಿಯ ತಡೆ ಇಲ್ಲದ ಕಡೆ ಮಾತ್ರ ಇದು ನಿಜ' ಅನ್ನುವುದು, ಆ ಹೊತ್ತಿನಲ್ಲಿ ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆಗಳಾಗಿ ಕೂತು ಮೆಷಿನ್ ರಿಪೇರಿಯಾಗಲಿ ಅಂತ ಕಾಯುತ್ತಿತ್ತು.

ಸಂಜೆ ಮನೆಗೆ ಬಂದವರ ಮುಖ ನೋಡಬೇಕಿತ್ತು.

"ಸಿಕ್ತು ಕಣೇ! ಮಾವನವರು ಕೂತ್ಕೊಳ್ತಾರೆ. ನಾನು ಸುಮ್ನೆ ಹೀಗೆ ಎದ್ದು, ಒಂದು ಕೈಲಿ ಸೌಟು ಒಂದು ಕೈಲಿ ಹಾಳೆ ಹಿಡ್ಕೊಂಡು ಎರಡನ್ನೂ ಬಿಡ್ತೀನಿ. ಎರಡೂ ಟಪ್ ಅಂತ ಒಟ್ಟಿಗೆ ಬೀಳುತ್ತೆ. 'ಮಾವ, ಭಾರ ಹಗುರ ಅನ್ನೋದೆಲ್ಲ ನಮ್ಮ ಭ್ರಮೆ' ಅಂತೀನಿ. ಅವರು ದಂಗಾಗ್ತಾರೆ."

"ಎಲ್ಲಿ, ಬಿಡಿ ನೋಡೋಣ."

ಬಿಟ್ಟರು. ಸೌಟು ಠಣಾರ್ ಅಂತ ಬಿತ್ತು. ಕೆಳಗಡೆ ಟೈಲರಕ್ಕನ ಮೆಷಿನ್ ನಿಂತಿತು. ಹಾಳೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಏನೋ ಜ್ಞಾಪಿಸಿಕೊಂಡು ಮತ್ತೆ ಎಡಕ್ಕೆ ಹೋಗಿ ಮಂಚದ ಕೆಳಗೆ ಸೇರಿತು.

"ರೀ, ಹಾಳೆ ಎಲ್ಲಿ?"

ನಮ್ಮವರು ಸೂರಿನ ಕಡೆ ನೋಡಿದರು. "ಈ ಮನೆ ತಗ್ಗು ಕಣೇ. ಹಾಳೆಗೆ ವೇಗ ಹಿಡಿಯೋಕೆ ಜಾಗ ಸಾಲ್ತಿಲ್ಲ. ಬೆಳಿಗ್ಗೆ ತಾರಸಿಗೆ ಹೋಗೋಣ." ಆಮೇಲೆ ದನಿ ತಗ್ಗಿಸಿದರು. "ಯಾರಿಗೂ ಬಾಯಿ ಬಿಡಬಾರದು. ಮೀಟರ್ ಅಜ್ಜಂಗೆ ತಿಳಿದ್ರೆ ಭಾನುವಾರ ಗೇಟಲ್ಲೇ ಮಾವಂಗೆ ಹೇಳಿಬಿಡ್ತಾರೆ. ನನಗೆ ಇರೋದು ಅದೊಂದೇ." ಆ ಕೊನೇ ಮಾತಿಗೆ ನಾನು ಕರಗಿದೆ. ಆಣೆ ಇಟ್ಟೆ.

ಮರುದಿನ ಬೆಳಿಗ್ಗೆ ಆರಕ್ಕೆ ಶುರುವಾಯಿತು. ನಮ್ಮವರು ತಾರಸಿಯ ಮೇಲೆ. ನಾನು ಅಂಗಳದಲ್ಲಿ ನಿಂತು, ಯಾರೂ ಅಡ್ಡ ಬರುತ್ತಿಲ್ಲ ಅಂತ ನೋಡಿ, "ಹೂಂ, ಬಿಡ್ರಿ!" ಅನ್ನಬೇಕು, ಯಾವುದು ಮೊದಲು ಬಿತ್ತು ಅಂತ ನೋಡಬೇಕು. ಹಾಳೆ ಮಾತು ಕೇಳಲಿಲ್ಲ. ಹಾಳೆಯ ಜಾತಿಯೇ ಮೊಂಡು ಅಂತ ತೀರ್ಮಾನಿಸಿ, ಮಾತು ಕೇಳುವ ವಸ್ತುಗಳು ಯಾವುವು ಅಂತ ಅವರು ಒಂದೊಂದಾಗಿ ಪರೀಕ್ಷಿಸಲು ಹೊರಟರು. ಸೋಮವಾರ ದಿಂಬು. ಮಂಗಳವಾರ ಬಾಣಲೆ, ಸೌಟು, ನನ್ನ ಚಪ್ಪಲಿ ಒಂದು ಜೊತೆ. ಬೀಳುವ ಪ್ರತಿಯೊಂದೂ ಟೈಲರಕ್ಕನ ಕಿಟಕಿಯ ಮುಂದೆಯೇ ಹಾದುಹೋಗಬೇಕು, ಮೀಟರ್ ಅಜ್ಜನ ಬಾಗಿಲ ಮುಂದೆಯೇ ಬೀಳಬೇಕು. ಮನೆ ಕಟ್ಟಿದವನು ಹಾಗೆ ಕಟ್ಟಿದ್ದ, ನಮ್ಮ ತಪ್ಪಲ್ಲ.

ಅವರಿಗೆ ಕಂಡದ್ದು ಏನು? ಬೆಳ್ಳಂಬೆಳಿಗ್ಗೆ ಗಂಡ ಹೆಂಡತಿಯ ಸಾಮಾನನ್ನೆಲ್ಲ ತಾರಸಿಯಿಂದ ಎಸೆಯುತ್ತಿದ್ದಾನೆ. ಹೆಂಡತಿ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೂಂ, ಬಿಡ್ರಿ! ಇನ್ನೊಂದು ಸಲ ಬಿಡ್ರಿ, ನೋಡೇಬಿಡ್ತೀನಿ!" ಅಂತ ಕೂಗುತ್ತಿದ್ದಾಳೆ.

ಮಂಗಳವಾರ ಮಧ್ಯಾಹ್ನ ಟೈಲರಕ್ಕ ಮೇಲೆ ಬಂದಳು. ಕೊರಳಲ್ಲಿ ಅಳತೆ ಪಟ್ಟಿ, ಕಣ್ಣಲ್ಲಿ ನೀರು.

"ನನ್ನ ತಂಗಿ ಅಂದ್ಕೊಂಡು ಕೇಳ್ತೀನಿ. ಎಷ್ಟು ದಿನದಿಂದ ಇದು?"

ನಾನು ಆಣೆ ಇಟ್ಟವಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಏನಿಲ್ಲ ಅಕ್ಕ, ಅವರ ತಲೆಗೆ ಏನೋ ಹೊಕ್ಕಿದೆ. ಭಾನುವಾರ ನಮ್ಮಪ್ಪ ಬರ್ತಾರಲ್ಲ, ಆಮೇಲೆ ಎಲ್ಲಾ ಸರಿಹೋಗುತ್ತೆ" ಅಂದೆ.

ಟೈಲರಕ್ಕ ನನ್ನ ಕೈ ಹಿಡಿದು ಬಿಕ್ಕಿದಳು. "ಅಪ್ಪಂಗೆ ಬರೆಯೋಷ್ಟು ಆಗಿದ್ಯಾ! ಒಳಗೇ ಎಷ್ಟು ನುಂಗಿದ್ದೀಯೇ ಹುಡುಗಿ!" ಅಂದು ಕೆಳಗಿಳಿದು ಹೋದಳು. ಅವಳು ಒಂದು ಮಹಡಿ ಇಳಿಯುವಷ್ಟರಲ್ಲಿ ಸುದ್ದಿ ಎರಡು ಬೀದಿ ದಾಟಿತ್ತು.

ಬುಧವಾರ ಹೊದಿಕೆಯ ಸರದಿ. ಇಬ್ಬರು ಮಲಗುವ ದೊಡ್ಡ ಹೊದಿಕೆ. ನಮ್ಮವರು ಅದನ್ನು ಬಿಡಿಸಿ ಬಿಟ್ಟರು. ಅದು ಕೆಳಗೆ ಬೀಳುವ ಬದಲು ಹೊಟ್ಟೆ ಉಬ್ಬಿಸಿಕೊಂಡು ಅಂಗಳ ದಾಟಿ, ನಿಧಾನವಾಗಿ, ಬಹಳ ಗಾಂಭೀರ್ಯದಿಂದ ಹೋಗಿ, ಜಗಲಿಯ ಕೆಳಗೆ ಕುರ್ಚಿ ಹಾಕಿಕೊಂಡು ಗಡ್ಡಕ್ಕೆ ಸೋಪು ಹಚ್ಚಿದ್ದ ಮಾಲೀಕರ ಮೇಲೆ ಇಳಿಯಿತು. ಹೊದಿಕೆಯೊಳಗಿಂದ ಬಹಳ ಹೊತ್ತು ಬೈಗುಳ ಕೇಳಿತು, ಮನುಷ್ಯ ಕಾಣಲಿಲ್ಲ.

"ಇದು ಮರ್ಯಾದಸ್ಥರು ಇರೋ ಕಟ್ಟಡ!" ಅಂತ ಹೊರಬಂದರು, ಅರ್ಧ ಮುಖ ಬಿಳಿ. "ಸಂಸಾರ ಮಾಡೋಕಾಗದಿದ್ರೆ ಒಳಗೆ ಕೂತು ಜಗಳ ಆಡ್ಬೇಕು. ಹಾಸಿಗೆ ಹೊದಿಕೆ ಬೀದಿಗೆ ಎಸೆಯೋದಾ? ಇನ್ನೊಂದು ಸಾಮಾನು ಬಿದ್ರೆ ಪೋಲೀಸ್ ಕರೆಸ್ತೀನಿ!"

ನಮ್ಮವರು ತಾರಸಿಯಿಂದ ಬಗ್ಗಿ, "ಸಾರ್, ಅದು ಬೀಳೋಕೆ ಎಷ್ಟು ಹೊತ್ತಾಯ್ತು ಅಂತ ಏನಾದ್ರೂ ನೋಡಿದ್ರಾ?" ಅಂತ ಕೇಳಿದರು. ಅವರು ನಿಜವಾಗಿ ತಿಳಿಯಲು ಕೇಳಿದ್ದು. ಮಾಲೀಕರು ಅದನ್ನು ಬೇರೆ ಥರ ತಗೊಂಡರು.

ಅದೇ ಬೆಳಿಗ್ಗೆ, ಮಾಲೀಕರು ಮುಖ ತೊಳೆಯಲು ಒಳಗೆ ಹೋದ ಮೇಲೆ, ಇನ್ನೊಂದು ನಡೆಯಿತು. ಮತ್ತೆ ಬಿಟ್ಟ ಹಾಳೆ ಮತ್ತೆ ತೇಲಿದ್ದಕ್ಕೆ ಸಿಟ್ಟು ಬಂದು ನಮ್ಮವರು ಆ ಮೊಂಡು ಹಾಳೆಯನ್ನು ಎರಡೂ ಕೈಯಿಂದ ಹಿಚುಕಿ ಉಂಡೆ ಮಾಡಿ, ಸೌಟಿನ ಜೊತೆ ಹಾಗೇ ಕೆಳಗೆ ಬಿಟ್ಟರು. ಎರಡೂ ಹೆಚ್ಚು ಕಡಿಮೆ ಒಟ್ಟಿಗೆ ಬಿದ್ದವು. ನಾನು ಕೂಗಿ ಹೇಳಿದೆ. ಸ್ವಲ್ಪ ಹೊತ್ತಿಗೆ ಬರಿಗಾಲಲ್ಲಿ ಧಡಧಡ ಇಳಿದು ಬಂದರು.

"ಹಾಳೆ ಅದೇ ತಾನೆ?"

"ಅದೇ."

"ತೂಕ ಅದೇ ತಾನೆ? ಹಾಗಾದ್ರೆ ಬದಲಾಗಿದ್ದು ಏನು?"

"ನಿಮ್ಮ ಕೋಪ" ಅಂದೆ.

ಅವರು ನಗಲಿಲ್ಲ. ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ತುತ್ತು ಕೈಯಲ್ಲಿ ಹಿಡಿದುಕೊಂಡು, ಅಂಗೈ ಅಗಲ ಮಾಡಿ ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ ಕೂತರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅಂತ ಗಾದೆ ಕೇಳಿದ್ದೆ. ಮನೆಯಲ್ಲೇ ನೋಡುವ ಭಾಗ್ಯ ನನಗೆ ಬಂತು. ಶುಕ್ರವಾರ ರಾತ್ರಿ ಊಟದ ಮುಂದೆ ಅವರ ಬಾಯಿಂದ ಮಾತು ಬಂತು.

"ಪುಸ್ತಕದಲ್ಲಿ ತಪ್ಪಿದೆ ಕಣೇ. ಬೀಳೋ ವಸ್ತೂನ ಕೆಳಗಿಂದ ಏನೋ ಹಿಡಿಯುತ್ತೆ. ಅಗಲ ಇದ್ರೆ ಜಾಸ್ತಿ ಹಿಡಿಯುತ್ತೆ, ಉಂಡೆ ಮಾಡಿದ್ರೆ ಜಾರಿ ಹೋಗುತ್ತೆ. ಅದು ಗಾಳೀನೇ. ಇಷ್ಟು ಸಾವಿರ ಮಕ್ಕಳು ತಪ್ಪು ಓದ್ತಾರೆ, ನಾನೇ ಮಡಿಸಿ ಕೊಟ್ಟಿದ್ದೀನಿ." ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. "ಮಾವನವರನ್ನೇ ಕೇಳ್ಬೇಕು. ಆದ್ರೆ ಇನ್ನೊಂದು ಸಲ ನೋಡಿ ಖಾತ್ರಿ ಮಾಡ್ಕೋತೀನಿ. ಕೊಡೆ ಬಿಟ್ಟು ನೋಡ್ತೀನಿ, ಬಿಚ್ಚಿದ್ದು ಒಂದು, ಮುಚ್ಚಿದ್ದು ಒಂದು."

ಭಾನುವಾರ ಬೆಳಿಗ್ಗೆ ಎಂಟೂವರೆ. ಹತ್ತಕ್ಕೆ ಅಪ್ಪ. ಅಡುಗೆ ಒಲೆಯ ಮೇಲೆ ಬಿಟ್ಟು ನಾನು ಅಂಗಳಕ್ಕೆ ಬಂದೆ. ಅಪ್ಪ ಯಾವತ್ತೂ ಪರೀಕ್ಷೆಗೆ ಮುಂಚಿತವಾಗಿ ಹೋಗುವವರು ಅನ್ನುವುದು ನನಗೆ ನೆನಪಾಗಬೇಕಿತ್ತು. ಅವರು ಹಿಂದಿನ ರೈಲಿಗೇ ಬಂದು ಆಗ ಗೇಟು ತೆಗೆಯುತ್ತಿದ್ದರು. ನನ್ನ ಬೆನ್ನು ಆ ಕಡೆಗಿತ್ತು.

ಮೀಟರ್ ಅಜ್ಜ ಮೂರು ದಿನದಿಂದ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡಿದ್ದರು.

"ನೀವು ಎರಡನೇ ಮಹಡಿ ಹುಡುಗಿ ತಂದೆಯವರಾ? ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಎದೆ ಗಟ್ಟಿ ಮಾಡ್ಕೊಳ್ಳಿ."

"ಯಾಕೆ? ನನ್ನ ಮಗಳಿಗೆ ಏನಾಯ್ತು?"

ಅಷ್ಟರಲ್ಲಿ ನಾನು ಸೊಂಟದ ಮೇಲೆ ಕೈಯಿಟ್ಟು, "ಹೂಂ, ಬಿಡ್ರಿ! ಈ ಸಲ ಎರಡನ್ನೂ ಬಿಡ್ರಿ!" ಅಂತ ಕೂಗಿದೆ.

ನಮ್ಮವರ ಮುಚ್ಚಿದ ಕೊಡೆ ಬಾಣದ ಹಾಗೆ ಬಂದು ಅಂಗಳದ ಮಣ್ಣಿಗೆ ಕಚಕ್ ಅಂತ ನಾಟಿಕೊಂಡಿತು. ಇನ್ನೊಂದು ಬಿಚ್ಚಿದ ಕೊಡೆ. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಟೈಲರಕ್ಕನ ಕಿಟಕಿಯನ್ನು ವಿಚಾರಿಸಿಕೊಂಡು, ಸ್ವಲ್ಪ ತಿರುಗಿ, ತೂಗಾಡುತ್ತ ಗೇಟಿನ ಕಡೆ ಹೋಗಿ, ಅಪ್ಪನ ಕಾಲ ಬಳಿ ಮಂಡಿಯೂರಿ ಕೂತಿತು. ಮದುವೆಯಲ್ಲಿ ಅಪ್ಪ ನನಗೆ ಕೊಟ್ಟ ಕೊಡೆ ಅದು. ಮರದ ಹಿಡಿಯ ಮೇಲೆ ನನ್ನ ಹೆಸರನ್ನು ಅವರೇ ಚಾಕುವಿನಲ್ಲಿ ಕೆತ್ತಿದ್ದರು.

ಅಪ್ಪ ಅದನ್ನು ಎತ್ತಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡರು.

"ಬಟ್ಟೆ ಜೋಡಿಸ್ಕೋ" ಅಂದರು. "ಹೊರಡೋಣ."

"ಅಪ್ಪಾ, ಹಾಗಲ್ಲ! ಇದು ಜಗಳ ಅಲ್ಲ. ಇದು ವಿಜ್ಞಾನ!"

"ಪಾಪ, ಇನ್ನೂ ಗಂಡನ್ನ ಬಿಟ್ಟುಕೊಡ್ತಿಲ್ಲ" ಅಂತ ಕಿಟಕಿಯಿಂದ ಟೈಲರಕ್ಕ ಅತ್ತಳು. "ಎಸೆಯೋದಕ್ಕೆ ವಿಜ್ಞಾನ ಅಂತ ಹೆಸರಿಟ್ಟು ಹುಡುಗೀನ ನಂಬಿಸಿದಾನೆ!"

ಕೊಡೆ ಬಿದ್ದ ಸದ್ದಿಗೆ ಮಾಲೀಕರು ಗೇಟಿನಾಚೆ ಹೋಗುತ್ತಿದ್ದ ಪೇದೆಯನ್ನು ಒಳಗೆ ಕರೆತಂದರು. ಪೇದೆ ದಪ್ಪ ಮೀಸೆಯ ಸಂಸಾರಸ್ಥ, ಭಾನುವಾರ ಕೆಲಸ ಬಿದ್ದದ್ದಕ್ಕೆ ಬೇಸರವಾಗಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇದು ಬೆಳಿಗ್ಗೆ ಆರಕ್ಕೇ ಶುರುವಾಗುತ್ತಂತಲ್ಲ? ಪುರಾವೆ ಏನಾದ್ರೂ ಇದ್ಯಾ?"

ಮೀಟರ್ ಅಜ್ಜ ಈ ಕ್ಷಣಕ್ಕಾಗಿಯೇ ಬದುಕಿದ್ದರು ಅನ್ನಿಸುತ್ತದೆ. ಎದ್ದು ನಿಂತು, ಕಿಸೆಯಿಂದ ಉದ್ದನೆಯ ಹಳೇ ಮೀಟರ್ ಪುಸ್ತಕ ತೆಗೆದರು. ಯಾವ ಸಂಗತಿಯನ್ನೂ ಅಳೆಯದೆ ಬರೆಯುವುದು ಅವರ ಕೈಗೆ ಬರುತ್ತಿರಲಿಲ್ಲ. ಇಲಾಖೆಯವರು ಮೀಟರ್ ಪರೀಕ್ಷೆಗೆ ಕೊಟ್ಟ ಸ್ಟಾಪ್ ವಾಚನ್ನು ಅವರು ವಾಪಸ್ ಕೊಟ್ಟೂ ಇರಲಿಲ್ಲ.

"ಸೋಮವಾರ, ಆರು ಹತ್ತು. ದಿಂಬು, ಒಂದು. ಹುಡುಗಿ ಕೂಗಿದ ಮೇಲೆ ಎರಡೂ ಕಾಲು ಸೆಕೆಂಡಿಗೆ ಬಿತ್ತು. ಮಂಗಳವಾರ, ಬಾಣಲೆ, ಒಂದೂವರೆ ಸೆಕೆಂಡು. ಸೌಟು, ಒಂದೂವರೆ ಸೆಕೆಂಡು. ಬುಧವಾರ, ಹಾಳೆ, ಬಿಡಿಸಿದ್ದು, ಎಂಟು ಸೆಕೆಂಡು. ಅದೇ ಹಾಳೆ, ಉಂಡೆ ಮಾಡಿದ್ದು, ಎರಡು ಸೆಕೆಂಡು. ಹೊದಿಕೆ..." ಅವರು ಮಾಲೀಕರ ಕಡೆ ನೋಡಿದರು. "ಹೊದಿಕೆ ನೆಲಕ್ಕೆ ಬೀಳಲಿಲ್ಲ, ಆದ್ದರಿಂದ ಬರ್ಕೊಂಡಿಲ್ಲ."

"ಏನಂದ್ರಿ?" ಅಂದರು ಅಪ್ಪ.

"ಬೀಳಲಿಲ್ಲ ಅಂದೆ."

"ಅದಲ್ಲ. ಹಾಳೆ."

ಅದೇ ಹೊತ್ತಿಗೆ ನಮ್ಮವರು ಮೆಟ್ಟಿಲಿಳಿದು ಓಡಿ ಬಂದರು. ಕೂದಲು ಕೆದರಿದೆ, ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ. ಪೇದೆಯನ್ನೂ ನೋಡಲಿಲ್ಲ, ನನ್ನ ಅಳುಮುಖವನ್ನೂ ನೋಡಲಿಲ್ಲ. ಆರು ದಿನದಿಂದ ಬಾಯಿಪಾಠ ಮಾಡಿದ್ದ ಸ್ವಾಗತದ ಮಾತೆಲ್ಲ ಮರೆತುಹೋಗಿತ್ತು.

"ಮಾವ! ಪುಸ್ತಕದಲ್ಲಿ ತಪ್ಪಾಗಿದೆ! ಎಲ್ಲಾ ಒಟ್ಟಿಗೆ ಬೀಳುತ್ತೆ ಅಂತ ಅಚ್ಚು ಹಾಕಿದ್ದಾರೆ. ಬೀಳಲ್ಲ ಮಾವ! ಒಂದು ವಾರದಿಂದ ಮನೆ ಸಾಮಾನೆಲ್ಲ ಬಿಟ್ಟು ನೋಡಿದ್ದೀನಿ!"

ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ನಾನು ಚಿಕ್ಕಂದಿನಿಂದ ಕೇಳಿದ್ದ ದನಿ. ಬೋರ್ಡಿಗೆ ಬೆನ್ನು ಹಾಕಿ, ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಲ್ಲುವಾಗಿನ ದನಿ.

"ಯಾಕೆ ಬೀಳಲ್ಲ?"

"ಗಾಳಿ ತಡೆಯುತ್ತೆ ಮಾವ."

"ಹಗುರ ಇದ್ದದ್ದು ನಿಧಾನ ಬೀಳುತ್ತೆ ಅಂತ ಯಾಕನ್ನಬಾರದು? ತೂಕವೇ ಕಾರಣ ಇರಬಹುದಲ್ಲ?"

"ತೂಕ ಅಲ್ಲ. ಅದೇ ಹಾಳೆ ಮಾವ! ಬಿಡಿಸಿದ್ರೆ ತೇಲುತ್ತೆ, ಉಂಡೆ ಮಾಡಿದ್ರೆ ಬೀಳುತ್ತೆ. ತೂಕ ಎಲ್ಲಿ ಬದಲಾಯ್ತು?"

"ಎಂಟು ಸೆಕೆಂಡು, ಎರಡು ಸೆಕೆಂಡು" ಅಂದರು ಮೀಟರ್ ಅಜ್ಜ. ದೂರು ಕೊಡುವವರ ಗತ್ತು ಅವರ ದನಿಯಲ್ಲಿ ಉಳಿದಿರಲಿಲ್ಲ, ಸಾಕ್ಷಿ ಹೇಳುವವರ ಉತ್ಸಾಹ ಬಂದಿತ್ತು.

ಅಪ್ಪ ಕೈ ಚಾಚಿದರು. ಮೀಟರ್ ಪುಸ್ತಕ ತಗೊಂಡು, ಕನ್ನಡಕ ಏರಿಸಿ, ಒಂದೊಂದೇ ಸಾಲು ಓದಿದರು. ಪೇದೆ, "ಹಾಗಾದ್ರೆ ಇದು ಕೇಸೋ ಅಲ್ವೋ?" ಅಂದ. ಅಪ್ಪ ಪುಟ ತಿರುವಿದರು. ಅಪ್ಪನ ಮುಖದಲ್ಲಿ ಏನು ನಡೆಯುತ್ತಿದೆ ಅಂತ ನನಗೇ ತಿಳಿಯಲಿಲ್ಲ.

"ಈ ಕೊಡೆಗಳು ಎರಡೂ ಒಂದೇ ತೂಕನಾ?" ಅಂದರು ಕೊನೆಗೆ.

ನಮ್ಮವರು ತಲೆ ಕೆರೆದರು. "ಇಲ್ಲ ಮಾವ. ನನ್ನದು ಸ್ವಲ್ಪ ಭಾರ."

"ಹಾಗಾದ್ರೆ ಪ್ರಯೋಗ ತಪ್ಪು. ಒಂದೇ ಕೊಡೇನ ಎರಡು ಸಲ ಬಿಡಬೇಕು. ಒಂದು ಸಲ ಬಿಚ್ಚಿ, ಒಂದು ಸಲ ಮುಚ್ಚಿ." ಕಂಕುಳಲ್ಲಿದ್ದ ನನ್ನ ಕೊಡೆಯನ್ನು ಕೈಗೆ ತಗೊಂಡರು. "ತಾರಸಿಗೆ ದಾರಿ ಯಾವ ಕಡೆ?"

ಮಂಡಿ ನೋವಿನವರು, ಹಾಸಿಗೆಯಿಂದ ಏಳಲು ಗೋಡೆ ಹಿಡಿಯುತ್ತಿದ್ದವರು, ಆ ಮೆಟ್ಟಿಲುಗಳನ್ನು ಅಳಿಯನ ಭುಜ ಹಿಡಿದು ಹತ್ತಿದರು. ಟೈಲರಕ್ಕ ಹೇಳಿದಳು ಅಂತ ಅಷ್ಟರಲ್ಲಿ ನಾನು ಟ್ರಂಕು ತೆಗೆದು ನಾಲ್ಕು ಸೀರೆ ತುಂಬಿದ್ದೆ. ಯಾರ ಮಾತು ಕೇಳಬೇಕು ಅನ್ನುವುದೇ ಆ ಗಲಾಟೆಯಲ್ಲಿ ತಿಳಿಯುತ್ತಿರಲಿಲ್ಲ. ಕಿಟಕಿಯಿಂದ ಮೇಲೆ ನೋಡಿ, "ಅಪ್ಪಾ, ಹೊರಡೋದಾ?" ಅಂತ ಕೇಳಿದೆ.

"ಇರೇ, ಇನ್ನೊಂದು ಸಲ!" ಅಂತ ತಾರಸಿಯಿಂದ ಅಪ್ಪ ಕೂಗಿದರು. "ಅಜ್ಜಾ, ವಾಚು ರೆಡಿನಾ?"

ಆ ದಿನ ಅಪ್ಪ ನಾಲ್ಕರ ರೈಲು ತಪ್ಪಿಸಿಕೊಂಡರು. ಮರುದಿನದ್ದನ್ನೂ ತಪ್ಪಿಸಿಕೊಂಡರು. ಟೈಲರಕ್ಕ ಚಿಂದಿ ಬಟ್ಟೆಗಳನ್ನು ಬೇರ್ಬೇರೆ ಅಳತೆಗೆ ಕತ್ತರಿಸಿ ಕೊಟ್ಟಳು. ಮಾಲೀಕರು ಹೊದಿಕೆಯನ್ನು ಇನ್ನೊಂದು ಸಲ ಬಿಡಬೇಕು, ತಾನು ದೂರ ನಿಂತು ನೋಡುತ್ತೇನೆ ಅಂದರು. ಪೇದೆ ಡ್ಯೂಟಿ ಮುಗಿಸಿ ವಾಪಸ್ ಬಂದು ಅಂಗಳದಲ್ಲಿ ಯಾರೂ ಅಡ್ಡ ಬರದಂತೆ ಕಾದ. ಆಹಾ, ಆ ಎರಡು ದಿನ! ಈಗ ಕಣ್ಣು ಮುಚ್ಚಿದರೂ ಆ ತಾರಸಿಯ ಕಟ್ಟೆಗೆ ಮೊಣಕೈಯೂರಿ ಬಗ್ಗಿ ನೋಡುತ್ತಿರುವ ಎರಡು ತಲೆ ಕಾಣುತ್ತದೆ, ಒಂದು ಬೆಳ್ಳಗೆ, ಒಂದು ಕಪ್ಪಗೆ.

ಸೋಮವಾರ ಸಂಜೆ ನಮ್ಮವರು ಕೆಲಸದಿಂದ ಬಂದಾಗ ಮುಖ ಬಾಡಿತ್ತು. ನಾಲ್ಕನೇ ಫಾರಂ ಪಕ್ಕದ ಮೇಜಿಗೆ ಬಂದಿತ್ತು. ಮಡಿಸಿದ ಹಾಳೆಯನ್ನು ಅಪ್ಪನ ಮುಂದಿಟ್ಟರು.

"ಮುಂದಿನ ಪುಟದಲ್ಲೇ ಇತ್ತು ಮಾವ. ನಾನೇನೂ ಕಂಡುಹಿಡಿಯಲಿಲ್ಲ."

"ಇತ್ತು. ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಮೂವತ್ತೊಂದು ವರ್ಷ ಆ ಸಾಲನ್ನ ಹುಡುಗರಿಗೆ ಓದಿ ಹೇಳ್ದೆ. ಒಂದು ದಿನವೂ ಮಹಡಿ ಹತ್ತಿ ಒಂದು ಹಾಳೆ ಬಿಟ್ಟು ನೋಡ್ಬೇಕು ಅಂತ ನನಗೆ ಅನ್ನಿಸಿರ್ಲಿಲ್ಲ. ನಿನ್ನೆ ನೋಡ್ದೆ, ಅಳಿಯಂದಿರೇ. ಬಹಳ ಚೆನ್ನಾಗಿ ಬೀಳುತ್ತೆ."

ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಮನಸಾರೆ ಅತ್ತೆ.

ಮಂಗಳವಾರ ನಾವಿಬ್ಬರೂ ಅಪ್ಪನನ್ನು ರೈಲು ಹತ್ತಿಸಲು ಹೋದೆವು. ದಾರಿಯುದ್ದಕ್ಕೂ ಮಾವ ಅಳಿಯ ಮುಂದೆ, ನಾನು ಬುತ್ತಿ ಹಿಡಿದು ಹಿಂದೆ. ಮಳೆಹನಿ ಯಾಕೆ ತಲೆ ಒಡೆಯುವುದಿಲ್ಲ ಅಂತ ಅವರಿಗೆ ಚರ್ಚೆ. ಡಬ್ಬಿಯ ಕಿಟಕಿಯ ಹತ್ತಿರವೂ ಅದೇ. ಗಾರ್ಡು ಸೀಟಿ ಊದಿದ. ಅಪ್ಪ ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ನಮ್ಮವರ ತೋಳು ಹಿಡಿದರು.

"ರಜೆ ಹಾಕಿ ಊರಿಗೆ ಬನ್ನಿ. ನಮ್ಮ ಶಾಲೆ ಮಹಡಿ ಇದಕ್ಕಿಂತ ಎತ್ತರ ಇದೆ!"

"ಬರ್ತೀನಿ ಮಾವ! ದಿಂಬು ತರ್ಲಾ?"

"ಬೇಡ, ಮನೇಲಿದೆ!"

ರೈಲು ಹೊರಟಿತು. ನಮ್ಮವರು ಸ್ವಲ್ಪ ದೂರ ಅದರ ಜೊತೆ ಓಡಿದರು. ಅಪ್ಪ ಕೈಯಿಂದ ಏನೋ ಬೀಳುವುದನ್ನು ತೋರಿಸಿ ಏನೋ ಕೂಗಿ ಹೇಳುತ್ತಲೇ ಇದ್ದರು. ಬುತ್ತಿ ನನ್ನ ಕೈಯಲ್ಲೇ ಉಳಿದಿತ್ತು. ನನ್ನನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ನನಗೆ ಹೋಗಿಬರ್ತೀನಿ ಅನ್ನುವುದನ್ನೇ ಮರೆತು ಹೋಗಿದ್ದರು. ಯಾರಾದರೂ ನನ್ನನ್ನು ಮರೆತದ್ದಕ್ಕೆ ನನಗೆ ಅಷ್ಟು ಸಂತೋಷವಾದದ್ದು ಜೀವಮಾನದಲ್ಲಿ ಅದೊಂದೇ ಸಲ.